ಗುರುತಿನ ದಾಖಲೆ ಇಲ್ಲದೆ ಮರಳಿದ ಮತದಾರರ ಲೆಕ್ಕವನ್ನೂ ಇಡಬೇಕು

ಗೆ,
ಸಂಪಾದಕರು,
ಓದುಗರ ಪತ್ರ ವಿಭಾಗ.

ಮಾನ್ಯರೇ,

ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ ಹೀಗೆ ಯಾವುದೇ ಸ್ಥಳೀಯ ಸಂಸ್ಥೆಯ ಚುನಾವಣೆ ಇರಲಿ, ಪಟ್ಟಿಯಲ್ಲಿ ಹೆಸರಿದ್ದೂ, ಮತಗಟ್ಟೆಯವರೆಗೆ ನಡೆದು ಬಂದೂ, ಒಪ್ಪುವಂಥ ಗುರುತಿನ ದಾಖಲೆ ಕೈಯಲ್ಲಿಲ್ಲವೆಂದು ಮತ ಹಾಕದೆ ಮನೆಗೆ ಮರಳುವ ಕೆಲವರು ಇದ್ದೇ ಇರುತ್ತಾರೆ. ಹೀಗೆ ಮರಳಿದವರು ಎಷ್ಟು ಮಂದಿ ಎಂಬ ಅಂಕಿ ಇದುವರೆಗೆ ಪ್ರಕಟವಾದದ್ದನ್ನು ನಾನು ಕಂಡಿಲ್ಲ. ಆ ಲೆಕ್ಕವನ್ನು ಮತಗಟ್ಟೆಯಲ್ಲೇ ಬರೆದಿಟ್ಟು ಫಲಿತಾಂಶದೊಂದಿಗೆ ಪ್ರಕಟಿಸಬೇಕೆಂದು ರಾಜ್ಯ ಚುನಾವಣಾ ಆಯೋಗವನ್ನು ಕೇಳಿಕೊಳ್ಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. 2020ರ ಡಿಸೆಂಬರ್ 22 ಮತ್ತು 27ರಂದು ನಡೆದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಆಯ್ಕೆಯಾದವರ ಐದು ವರ್ಷ ತುಂಬಿದೆ. 2021ರಲ್ಲೇ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳು ವರ್ಷಗಟ್ಟಲೆ ಚುನಾಯಿತ ಸದಸ್ಯರಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು. ಇಷ್ಟು ಕಾಯಿಸಿ ನಡೆಸುವ ಚುನಾವಣೆಯಲ್ಲಿ ಬಂದ ಮತದಾರ ಹಾಗೆಯೇ ಹಿಂದಿರುಗಬಾರದು ಎಂಬುದು ನನ್ನ ಕಳಕಳಿ.

ಗುರುತಿನ ದಾಖಲೆ ಕೇಳುವುದೇ ತಪ್ಪು ಎಂಬ ವಾದ ನನ್ನದಲ್ಲ. ಪ್ರೌಢಶಾಲಾ ಶಿಕ್ಷಕನಾಗಿ ಗದಗ ಮತ್ತು ಹಾವೇರಿ ಕಡೆಯ ಹಳ್ಳಿಗಳಲ್ಲಿ ಹಲವು ಚುನಾವಣೆಗಳ ಕರ್ತವ್ಯ ಮಾಡಿದವನು ನಾನು. ಟಿ.ಎನ್. ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಭಾವಚಿತ್ರವಿರುವ ಮತದಾರರ ಗುರುತಿನ ಚೀಟಿ ಜಾರಿಗೆ ಬಂತು. ಅದಕ್ಕೂ ಮೊದಲು ಮತಗಟ್ಟೆಯೊಳಗೆ ಗುರುತು ಹಿಡಿಯುವ ಕೆಲಸ ಹೆಚ್ಚುಕಡಿಮೆ ಅಭ್ಯರ್ಥಿಗಳ ಪರ ಕೂರುವ ಏಜೆಂಟರ ಬಾಯಿಯಲ್ಲೇ ಇತ್ತು. ಯಾವ ಏಜೆಂಟ ಜೋರಾಗಿ ಕೂಗುತ್ತಾನೋ ಅವನು ತೋರಿಸಿದವನೇ ಮತದಾರ. ಬೆಳಿಗ್ಗೆ ಹತ್ತಕ್ಕೆ ಬಂದವರಿಗೆ ‘ನಿಮ್ಮ ಮತ ಆಗಲೇ ಬಿದ್ದಿದೆ’ ಎಂದು ಹೇಳಬೇಕಾದ ಸಂಕಟ ಆಗಿನ ಸಿಬ್ಬಂದಿಗೆ ಚೆನ್ನಾಗಿ ಗೊತ್ತು. ಇನ್ನೊಬ್ಬರ ಹೆಸರಿನಲ್ಲಿ ಮತ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 172ನೇ ಕಲಮಿನಂತೆ ಅಪರಾಧ. 174ನೇ ಕಲಮಿನಂತೆ ಅದಕ್ಕೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು. ಈ ಅಪರಾಧವನ್ನು ತಡೆಯಲು ಕಾರ್ಡು ಬೇಕೇ ಬೇಕು. ಆದರೆ ಕಾರ್ಡು ಕೇಳುವ ವ್ಯವಸ್ಥೆಯಿಂದ ಎಷ್ಟು ಕಳ್ಳಮತ ನಿಂತಿತು, ಎಷ್ಟು ನಿಜವಾದ ಮತ ತಪ್ಪಿಹೋಯಿತು ಎಂಬ ಎರಡೂ ಪ್ರಶ್ನೆಗಳಿಗೆ ಉತ್ತರವಿಲ್ಲದೆ ನಿಯಮ ಸರಿಯಾಗಿದೆಯೇ ಎಂದು ಹೇಳಲು ಬರುವುದಿಲ್ಲ.

ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಈ ತೊಡಕು ಹೆಚ್ಚಾಗುವುದಕ್ಕೆ ಒಂದು ವಿಶೇಷ ಕಾರಣವಿದೆ. ಲೋಕಸಭೆ, ವಿಧಾನಸಭೆಗಳ ಚುನಾವಣೆ ನಡೆಸುವುದು ಭಾರತ ಚುನಾವಣಾ ಆಯೋಗ. ಪಂಚಾಯಿತಿ ಮತ್ತು ನಗರ ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆಸುವುದು, ಸಂವಿಧಾನದ 243-ಕೆ ಮತ್ತು 243-ಝಡ್‌ಎ ವಿಧಿಗಳಂತೆ, ರಾಜ್ಯ ಚುನಾವಣಾ ಆಯೋಗ. ಇವೆರಡೂ ಬೇರೆ ಬೇರೆ ಸಂಸ್ಥೆಗಳು, ಆದರೆ ಮತದಾರನ ಕಣ್ಣಿಗೆ ಎರಡೂ ಒಂದೇ: ಅದೇ ಶಾಲೆ, ಅದೇ ಮೇಷ್ಟ್ರು, ಅದೇ ಶಾಯಿ. 2024ರ ಲೋಕಸಭಾ ಚುನಾವಣೆಯಲ್ಲಿ ಗುರುತಿನ ಚೀಟಿ ಇಲ್ಲದವರು ತೋರಿಸಬಹುದಾದ 12 ಪರ್ಯಾಯ ದಾಖಲೆಗಳನ್ನು ಭಾರತ ಚುನಾವಣಾ ಆಯೋಗ ಪ್ರಕಟಿಸಿತ್ತು. ಆಧಾರ್, ಉದ್ಯೋಗ ಖಾತರಿಯ ಜಾಬ್ ಕಾರ್ಡ್, ಭಾವಚಿತ್ರವಿರುವ ಬ್ಯಾಂಕ್ ಅಥವಾ ಅಂಚೆ ಕಚೇರಿಯ ಪಾಸ್‌ಬುಕ್, ಚಾಲನಾ ಪರವಾನಗಿ, ಪ್ಯಾನ್ ಕಾರ್ಡ್, ಭಾವಚಿತ್ರವಿರುವ ಪಿಂಚಣಿ ದಾಖಲೆ, ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ ಇವೆಲ್ಲ ಅದರಲ್ಲಿದ್ದವು. ರಾಜ್ಯ ಆಯೋಗ ತನ್ನ ಚುನಾವಣೆಗಳಿಗೆ ತನ್ನದೇ ಆದೇಶ ಹೊರಡಿಸುತ್ತದೆ, ಆ ಪಟ್ಟಿ ಕೇಂದ್ರದ ಪಟ್ಟಿಯ ಹಾಗೆಯೇ ಇರಬೇಕೆಂಬ ಕಟ್ಟಳೆ ಇಲ್ಲ. ಆ ಆದೇಶ ಪತ್ರಿಕಾ ಪ್ರಕಟಣೆಯಾಗಿ ಒಂದು ದಿನ ಒಂದು ಮೂಲೆಯಲ್ಲಿ ಬರುತ್ತದೆ, ಮಸ್ಟರಿಂಗ್ ದಿನ, ಅಂದರೆ ಮತಗಟ್ಟೆಯ ಸಾಮಗ್ರಿ ಪಡೆದು ಹೊರಡುವ ದಿನ, ಸಿಬ್ಬಂದಿಯ ಕೈಗೆ ಸಿಗುತ್ತದೆ. ಮುಂಡರಗಿಯ ಹತ್ತಿರದ ಒಂದು ತಾಂಡಾದಲ್ಲಿರುವ ಮತದಾರನಿಗೆ ಅದು ಗೊತ್ತಾಗುವುದು ಮತಗಟ್ಟೆಯ ಬಾಗಿಲಲ್ಲಿ ನಿಂತಾಗಲೇ.

ಜೊತೆಗೆ ಮತದಾರರ ಚೀಟಿಯ, ಅಂದರೆ ಪಟ್ಟಿಯ ಕ್ರಮಸಂಖ್ಯೆ ತಿಳಿಸುವ ಕಾಗದದ, ಗೊಂದಲ. ಮನೆಮನೆಗೆ ಹಂಚುವ ಆ ಚೀಟಿಯೇ ಗುರುತು ಎಂದು ನಂಬಿದವರು ಇಂದಿಗೂ ಬಹಳ. ಅದನ್ನೊಂದನ್ನೇ ಗುರುತಿನ ದಾಖಲೆಯಾಗಿ ಒಪ್ಪುವುದನ್ನು ಭಾರತ ಚುನಾವಣಾ ಆಯೋಗ 2019ರಲ್ಲೇ ನಿಲ್ಲಿಸಿತು. ವಾರ್ಡಿನ ಚುನಾವಣೆಯಲ್ಲಿ ಚೀಟಿ ಹಂಚುವವರು ಬಹುತೇಕ ಅಭ್ಯರ್ಥಿಯ ಕಡೆಯ ಹುಡುಗರು. ಅವರು ಕ್ರಮಸಂಖ್ಯೆ ಬರೆದುಕೊಟ್ಟು ‘ಇದನ್ನು ತೋರಿಸ್ರಿ ಸಾಕು’ ಎಂದು ಹೇಳಿ ಹೋಗುತ್ತಾರೆ.

ಇದರ ಪರಿಣಾಮವನ್ನು ನಾನು ನಿವೃತ್ತನಾದ ಮೇಲೆ ಬೆಟಗೇರಿಯ ಒಂದು ಮತಗಟ್ಟೆಯಲ್ಲಿ, ನಗರಸಭೆ ಚುನಾವಣೆಯ ದಿನ, ಸರದಿಯಲ್ಲಿ ನಿಂತು ಕಂಡೆ. ನನ್ನ ಮುಂದೆ ನೇಕಾರರ ಓಣಿಯ ಒಬ್ಬ ಹಿರಿಯ ಹೆಣ್ಣುಮಗಳು ಇದ್ದರು. ಕೈಯಲ್ಲಿ ಚೀಟಿ ಇತ್ತು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಬ್ಯಾಂಕ್ ಪಾಸ್‌ಬುಕ್ ಇತ್ತು. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಭಾವಚಿತ್ರ ಅಂಟಿಸುವ ಚೌಕ ಖಾಲಿ ಇತ್ತು. ಮತದಾರರ ಗುರುತಿನ ಚೀಟಿ ಮನೆ ಬದಲಿಸಿದಾಗ ಕಳೆದಿದೆ ಎಂದರು. ಮೊದಲನೆಯ ಮತಗಟ್ಟೆ ಅಧಿಕಾರಿ ಪಟ್ಟಿಯಲ್ಲಿ ಹೆಸರು ಹುಡುಕಿ ಓದಿದರು, ಎದುರೆದುರು ಪಕ್ಷಗಳ ಇಬ್ಬರು ಏಜೆಂಟರೂ ಒಂದೇ ದನಿಯಲ್ಲಿ ‘ನಮ್ಮ ಓಣಿಯಾಕೀನ ಅದಾರ್ರೀ ಸರ್, ನಾವು ಬಲ್ಲೆವು’ ಎಂದರು. ಆದರೂ ಅಧಿಕಾರಿ, ‘ಅವ್ವಾರ, ಆಧಾರ್ ಕಾರ್ಡ್ ತಗೊಂಡು ಬರ್ರಿ’ ಎಂದು ಹೇಳಿ ಮುಂದಿನವರನ್ನು ಕರೆದರು. ನಿಯಮದ ಪ್ರಕಾರ ಅವರು ಮಾಡಿದ್ದರಲ್ಲಿ ತಪ್ಪಿಲ್ಲ. ಆಧಾರ್ ಕಾರ್ಡು ಸೊಸೆಯ ಬಳಿ ಇದೆ, ಸೊಸೆ ಹುಲಕೋಟಿಗೆ ತವರಿಗೆ ಹೋಗಿದ್ದಾಳೆ ಎಂದು ಆ ತಾಯಿ ಹೇಳಿದ್ದನ್ನು ಕೇಳಿಸಿಕೊಳ್ಳಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಸಂಜೆ ಮತದಾನ ಮುಗಿದ ಮೇಲೆ ಆ ಏಜೆಂಟರನ್ನೇ ಕೇಳಿದೆ. ಆ ತಾಯಿ ಮತ್ತೆ ಬಂದಿರಲಿಲ್ಲ. ಆ ದಿನದ ಕಾಗದಪತ್ರಗಳಲ್ಲಿ ಆ ಹೆಣ್ಣುಮಗಳು ‘ಮತದಾನ ಮಾಡದವರು’ ಎಂಬ ಗುಂಪಿನಲ್ಲಿ, ಮನೆಯಲ್ಲೇ ಕುಳಿತವರ ಮತ್ತು ಊರಲ್ಲೇ ಇಲ್ಲದವರ ಜೊತೆ ಸೇರಿಹೋದರು. ಮತದಾನದ ಪ್ರಮಾಣ ಕಡಿಮೆಯಾದರೆ ನಾವು ಪತ್ರಿಕೆಗಳಲ್ಲಿ ‘ನಗರವಾಸಿಗಳ ನಿರುತ್ಸಾಹ’ ಎಂದು ಓದುತ್ತೇವೆ. ಉತ್ಸಾಹದಿಂದ ಬಂದು ಮರಳಿದವರೂ ಆ ಸಂಖ್ಯೆಯೊಳಗೆ ಇದ್ದಾರೆ.

ನಮ್ಮ ಭಾಗದಲ್ಲಿ ಹೆಸರಿನ ತೊಡಕು ಇನ್ನೂ ದೊಡ್ಡದು. ಮನೆಯಲ್ಲಿ ನೀಲವ್ವ ಎಂದು ಕರೆಸಿಕೊಂಡವರು ಪಟ್ಟಿಯಲ್ಲಿ ನೀಲಮ್ಮ ಆಗಿರುತ್ತಾರೆ. ಫಕೀರಪ್ಪ ಒಂದು ದಾಖಲೆಯಲ್ಲಿ, ಫಕ್ಕೀರಪ್ಪ ಇನ್ನೊಂದರಲ್ಲಿ. ಮದುವೆಯಲ್ಲಿ ಹೆಣ್ಣಿಗೆ ಹೊಸ ಹೆಸರಿಡುವ ಪದ್ಧತಿ ಧಾರವಾಡ ಸೀಮೆಯ ಹಲವು ಮನೆತನಗಳಲ್ಲಿ ಇತ್ತು. ಅಂಥ ಮನೆಗಳ ಹಿರಿಯ ಹೆಣ್ಣುಮಕ್ಕಳ ಶಾಲೆಯ ದಾಖಲೆಯಲ್ಲಿ ತವರಿನ ಹೆಸರು, ಆಧಾರ್‌ನಲ್ಲಿ ಅತ್ತೆಮನೆಯ ಹೆಸರು, ಪಟ್ಟಿಯಲ್ಲಿ ಮನೆಗೆ ಬಂದ ಗಣತಿದಾರರು ಕೇಳಿಸಿಕೊಂಡ ಹೆಸರು. ಅಡ್ಡಹೆಸರು ಮೊದಲೋ ತಂದೆಯ ಹೆಸರು ಮೊದಲೋ ಎಂಬುದು ಕಚೇರಿಯಿಂದ ಕಚೇರಿಗೆ ಬದಲಾಗುತ್ತದೆ. ಮತದಾರರು ಯಾರೆಂಬುದು ಗುರುತಿನ ಚೀಟಿಯಿಂದ ಖಚಿತವಾಗುವಂತಿದ್ದರೆ ಅದರಲ್ಲಿನ ಸಣ್ಣಪುಟ್ಟ ಕಾಗುಣಿತದ ತಪ್ಪನ್ನು ಕಡೆಗಣಿಸಬೇಕು ಎಂದು ಭಾರತ ಚುನಾವಣಾ ಆಯೋಗ ತನ್ನ ಚುನಾವಣೆಗಳಲ್ಲಿ ಸ್ಪಷ್ಟವಾಗಿ ಹೇಳುತ್ತ ಬಂದಿದೆ. ಬೇರೆ ವಿಧಾನಸಭಾ ಕ್ಷೇತ್ರದಲ್ಲಿ ಕೊಟ್ಟ ಗುರುತಿನ ಚೀಟಿಯಾದರೂ, ಆ ಮತಗಟ್ಟೆಯ ಪಟ್ಟಿಯಲ್ಲಿ ಹೆಸರಿದ್ದರೆ ಅದು ನಡೆಯುತ್ತದೆ. ಇಷ್ಟು ಒಳ್ಳೆಯ ಸೂಚನೆ ತರಬೇತಿಯ ಸಭಾಂಗಣದಲ್ಲಿ ಒಮ್ಮೆ ಹೇಳಿ ಮುಗಿಯುತ್ತದೆ, ಮತಗಟ್ಟೆಯ ಮೇಜಿನ ಮೇಲೆ ಇರುವುದಿಲ್ಲ. ತೊಂದರೆಗೆ ಸಿಕ್ಕಿಬೀಳುವ ಭಯವಿರುವ ಸಿಬ್ಬಂದಿ ‘ಇಲ್ಲ’ ಎನ್ನುವುದನ್ನೇ ಸುರಕ್ಷಿತವೆಂದು ಭಾವಿಸುವುದು ಸಹಜ. ಮತದಾರನನ್ನು ಹೊರಗಟ್ಟಿದ್ದಕ್ಕೆ ಯಾರೂ ವಿವರಣೆ ಕೇಳುವುದಿಲ್ಲ, ಒಳಬಿಟ್ಟಿದ್ದಕ್ಕೆ ಮಾತ್ರ ನೋಟಿಸು ಬರಬಹುದು ಎಂಬ ಅಂಜಿಕೆ ಅವರದು.

ಜಾಬ್ ಕಾರ್ಡಿನ ವಿಷಯವನ್ನೂ ಹೇಳಬೇಕು. ಅದು ಒಂದು ಕುಟುಂಬಕ್ಕೆ ಒಂದೇ. ಗಂಡ ಬೆಳಿಗ್ಗೆ ಅದನ್ನು ಹಿಡಿದು ಮತ ಹಾಕಿ ಅಲ್ಲಿಂದಲೇ ಬೇರೂರಿಗೆ ಹೊರಟರೆ ಹೆಂಡತಿಗೆ ತೋರಿಸಲು ಏನೂ ಉಳಿಯುವುದಿಲ್ಲ. ನಗರದ ಹುಡುಗರ ತೊಂದರೆ ಬೇರೆ. 2021ರ ಜನವರಿ 25ರಂದು ಜಾರಿಗೆ ಬಂದ ಇ-ಎಪಿಕ್, ಅಂದರೆ ಗುರುತಿನ ಚೀಟಿಯ ಡಿಜಿಟಲ್ ಪ್ರತಿಯನ್ನು, ಮೊಬೈಲಿನಲ್ಲಿ ಇಳಿಸಿಕೊಂಡವರು ಅದೇ ಸಾಕೆಂದು ಬರುತ್ತಾರೆ. ಮತಗಟ್ಟೆಯೊಳಗೆ ಮೊಬೈಲಿಗೆ ಅವಕಾಶವಿಲ್ಲ. ಅದನ್ನು ಮುದ್ರಿಸಿ ತರಬೇಕು ಎಂದು ಮೊದಲೇ ಹೇಳಿದ್ದರೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಜೆರಾಕ್ಸ್ ಅಂಗಡಿಗಳಿಗೇನು ಬರವಿಲ್ಲ.

ಕಟ್ಟುನಿಟ್ಟು ಎಲ್ಲಿ ನಿಜವಾಗಿ ಬೇಕೋ ಅಲ್ಲಿ ಅದು ಸಡಿಲವಾಗಿರುವುದೂ ನನ್ನನ್ನು ಕಾಡುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಪ್ರತಿ 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅಷ್ಟು ಚಿಕ್ಕ ಊರಲ್ಲಿ ಯಾರು ಯಾರೆಂದು ಎಲ್ಲರಿಗೂ ಗೊತ್ತು. ಎದುರಿಗೆ ಬಂದು ನಿಂತವರ ವಿಷಯದಲ್ಲಿ ಮೋಸ ಕಷ್ಟ. ಮೋಸಕ್ಕೆ ದಾರಿ ಇರುವುದು ಬಾರದವರ ಹೆಸರಿನಲ್ಲಿ: ಸುಗ್ಗಿ ಮುಗಿಸಿ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದವರು, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು, ತೀರಿಕೊಂಡರೂ ಪಟ್ಟಿಯಿಂದ ಹೆಸರು ಹೋಗದವರು. ಗೈರುಹಾಜರಾದವರು, ಸ್ಥಳಾಂತರಗೊಂಡವರು, ಮೃತಪಟ್ಟವರು ಇವರ ಪ್ರತ್ಯೇಕ ಪಟ್ಟಿಯನ್ನು ಮೊದಲೇ ಸಿದ್ಧಮಾಡಿ ಮತಗಟ್ಟೆಗೆ ಕೊಟ್ಟರೆ, ಆ ಹೆಸರುಗಳಲ್ಲಿ ಬಂದವರ ದಾಖಲೆಯನ್ನು ಎರಡು ಸಲ ನೋಡಬಹುದು. ಉಳಿದವರನ್ನು ಸತಾಯಿಸುವ ಅಗತ್ಯ ಬೀಳುವುದಿಲ್ಲ. ನನ್ನ ಅನುಭವದಲ್ಲಿ ಇಂಥ ಪಟ್ಟಿ ವಿಧಾನಸಭಾ ಚುನಾವಣೆಗೆ ಸಿಕ್ಕಷ್ಟು ಅಚ್ಚುಕಟ್ಟಾಗಿ ಪಂಚಾಯಿತಿ ಚುನಾವಣೆಗೆ ಸಿಗುವುದಿಲ್ಲ.

ಕಾರ್ಡು ಇದ್ದೂ ಮತವಿಲ್ಲದವರ ಮಾತು ಇನ್ನೊಂದು. ಸ್ಥಳೀಯ ಚುನಾವಣೆಗೆ ವಿಧಾನಸಭಾ ಕ್ಷೇತ್ರದ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ವಾರ್ಡುವಾರು ವಿಂಗಡಿಸುತ್ತಾರೆ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ವಾರ್ಡುಗಳು 67ರಿಂದ 82ಕ್ಕೆ ಏರಿದ ಮೇಲೆ 2021ರ ಸೆಪ್ಟೆಂಬರ್ 3ರಂದು ಚುನಾವಣೆ ನಡೆಯಿತು. ಗಡಿ ಬದಲಾದಾಗ ಒಂದೇ ಓಣಿಯ ಎಡಬದಿ ಒಂದು ವಾರ್ಡಿಗೆ, ಬಲಬದಿ ಇನ್ನೊಂದಕ್ಕೆ ಹೋಗುವುದುಂಟು. ವಿಂಗಡಿಸುವವರ ಕೈತಪ್ಪಿದರೆ ಒಂದೇ ಮನೆಯ ತಾಯಿ ಒಂದು ವಾರ್ಡಿನಲ್ಲಿ, ಮಗ ಇನ್ನೊಂದರಲ್ಲಿ. ಗುರುತಿನ ಚೀಟಿಯಲ್ಲಿ ವಾರ್ಡಿನ ಸಂಖ್ಯೆ ಇರುವುದಿಲ್ಲ, ಆದ್ದರಿಂದ ಕಾರ್ಡು ಹಿಡಿದವರು ತಮ್ಮ ಹಳೆಯ ಶಾಲೆಗೇ ಹೋಗಿ ನಿಲ್ಲುತ್ತಾರೆ. ಹೆಸರು ಸೇರಿಸಲು ನಮೂನೆ 6, ತೆಗೆಯಲು 7, ತಿದ್ದಲು ಮತ್ತು ಸ್ಥಳ ಬದಲಿಸಲು 8 ಇವೆ. ಹದಿನೆಂಟು ತುಂಬಿತೇ ಎಂದು ಲೆಕ್ಕ ಹಾಕುವ ಅರ್ಹತಾ ದಿನಾಂಕವೂ ಈಗ ವರ್ಷಕ್ಕೆ ನಾಲ್ಕು ಸಲ ಬರುತ್ತದೆ. ಆದರೆ ವಾರ್ಡು ತಪ್ಪಿದ್ದು ತಿಳಿಯುವುದು ವಾರ್ಡಿನ ಕರಡು ಪಟ್ಟಿಯನ್ನು ನೋಡಿದವರಿಗೆ ಮಾತ್ರ, ಅದು ಬಹುಪಾಲು ವಲಯ ಕಚೇರಿಯ ಫಲಕದಲ್ಲೇ ಉಳಿಯುತ್ತದೆ. ಹೆಸರು ತೆಗೆಸುವ ಅರ್ಜಿಗಳ ವಿಷಯದಲ್ಲಿ ಎಚ್ಚರ ಎಷ್ಟು ಬೇಕೆಂಬುದಕ್ಕೆ ಕಲಬುರಗಿ ಜಿಲ್ಲೆಯ ಆಳಂದ ಉದಾಹರಣೆ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಅಲ್ಲಿ ಆನ್‌ಲೈನಿನಲ್ಲಿ ಬಂದ 6,018 ಅರ್ಜಿಗಳನ್ನು ಪರಿಶೀಲಿಸಿದಾಗ 24 ಮಾತ್ರ ಸರಿಯಾಗಿದ್ದವು ಎಂದು ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಕಚೇರಿಯೇ ತಿಳಿಸಿದೆ.

ಮರಳಿದವರ ಲೆಕ್ಕ ಇಡುವುದು ಆಗದ ಕೆಲಸವಲ್ಲ ಎಂಬುದಕ್ಕೆ ಹೊರಗಿನ ಒಂದು ನಿದರ್ಶನ ಕೊಡುತ್ತೇನೆ. ಮತಗಟ್ಟೆಯಲ್ಲಿ ಭಾವಚಿತ್ರದ ಗುರುತು ಕೇಳುವ ಪದ್ಧತಿ ಇಂಗ್ಲೆಂಡಿನ ಸ್ಥಳೀಯ ಚುನಾವಣೆಗಳಲ್ಲಿ ಇರಲಿಲ್ಲ. 2022ರ ಕಾನೂನಿನಂತೆ ಅದು ಮೊದಲ ಸಲ ಎಲ್ಲೆಡೆ ಜಾರಿಯಾದದ್ದು 2023ರ ಮೇ 4ರ ಸ್ಥಳೀಯ ಚುನಾವಣೆಯಲ್ಲಿ. ಅಲ್ಲಿ ಮತಗಟ್ಟೆಯ ಸಿಬ್ಬಂದಿ ಮರಳಿಸಿದವರನ್ನು ನಮೂನೆಯಲ್ಲಿ ಬರೆದಿಟ್ಟರು. ಮತಗಟ್ಟೆಗೆ ಬಂದವರಲ್ಲಿ ಶೇ 0.7ರಷ್ಟು ಮಂದಿ ಮೊದಲು ಮರಳಬೇಕಾಯಿತು, ಅವರಲ್ಲಿ ಶೇ 63ರಷ್ಟು ಮಂದಿ ದಾಖಲೆ ತಂದು ಮತ ಹಾಕಿದರು, ಕಡೆಗೆ ಸುಮಾರು 14,000 ಮಂದಿಗೆ ಮತ ಹಾಕಲಾಗಲಿಲ್ಲ ಎಂದು ಅಲ್ಲಿನ ಚುನಾವಣಾ ಆಯೋಗ ವರದಿ ಮಾಡಿತು. ಆ ಸಂಖ್ಯೆ ಹೆಚ್ಚೋ ಕಡಿಮೆಯೋ ಎಂದು ಅಲ್ಲಿನವರು ವಾದಿಸಿದರು. ವಾದಿಸಲು ಅವರ ಕೈಯಲ್ಲಿ ಒಂದು ಸಂಖ್ಯೆಯಾದರೂ ಇತ್ತು. ಗುರುತಿನ ಚೀಟಿಯ ವಿಷಯದಲ್ಲಿ ಅವರಿಗಿಂತ ಮೂವತ್ತು ವರ್ಷ ಹಿಂದೆಯೇ ಹೊರಟವರು ನಾವು. ನಮ್ಮಲ್ಲಿ ತನ್ನ ಹೆಸರಿನಲ್ಲಿ ಆಗಲೇ ಮತ ಬಿದ್ದಿದ್ದರೆ ಹಾಕುವ ಟೆಂಡರ್ ಮತಕ್ಕೆ ನಮೂನೆ ಇದೆ, ಏಜೆಂಟರು ಗುರುತನ್ನು ಪ್ರಶ್ನಿಸಿದ ಆಕ್ಷೇಪಿತ ಮತಕ್ಕೆ ನಮೂನೆ ಇದೆ, ಅಂಧರು ಮತ್ತು ಅಶಕ್ತರ ಜೊತೆಗಾರರ ಘೋಷಣೆಗೂ ನಮೂನೆ ಇದೆ. ಬಾಗಿಲಿನಿಂದ ಹಿಂದಿರುಗಿದ ಮತದಾರನಿಗೂ ಒಂದು ಹಾಳೆ ಮೀಸಲಿಡುವುದು ಕಷ್ಟವಾಗಬಾರದು.

ಆ ಹಾಳೆ ದೊಡ್ಡದಾಗಿರಬೇಕಿಲ್ಲ. ಪಟ್ಟಿಯ ಕ್ರಮಸಂಖ್ಯೆ, ಬಂದ ಸಮಯ, ತೋರಿಸಿದ ದಾಖಲೆ, ಒಪ್ಪದಿರಲು ಕಾರಣ, ಮತ್ತೆ ಬಂದು ಮತ ಹಾಕಿದರೇ ಇಲ್ಲವೇ ಎಂಬಷ್ಟು ಕಾಲಂಗಳು ಸಾಕು. ಹೆಸರನ್ನು ಪ್ರಕಟಿಸುವುದು ಬೇಡ, ಮತಗಟ್ಟೆವಾರು ಸಂಖ್ಯೆ ಪ್ರಕಟವಾದರೆ ಸಾಕು. ಮತದಾನದ ನಂತರ ಸಾಮಗ್ರಿ ಮರಳಿಸುವ ಡಿಮಸ್ಟರಿಂಗ್ ಕೇಂದ್ರದಲ್ಲಿ ಉಳಿದ ಲಕೋಟೆಗಳ ಜೊತೆ ಅದನ್ನೂ ಒಪ್ಪಿಸಿದರೆ ಯಾವ ವಾರ್ಡಿನಲ್ಲಿ ಚೀಟಿ ಹಂಚಿಕೆ ಸರಿಯಾಗಲಿಲ್ಲ, ಯಾವ ತಾಂಡಾದಲ್ಲಿ ಗುರುತಿನ ಚೀಟಿಯೇ ತಲುಪಿಲ್ಲ, ಯಾವ ಮತಗಟ್ಟೆಯಲ್ಲಿ ಸಿಬ್ಬಂದಿ ಒಪ್ಪಬೇಕಾದ ದಾಖಲೆಯನ್ನೂ ಒಪ್ಪಲಿಲ್ಲ ಎಂಬುದು ಮುಂದಿನ ಚುನಾವಣೆಗೆ ಮೊದಲೇ ಗೊತ್ತಾಗುತ್ತದೆ. ಕಾರಣ ಬರೆಯಬೇಕು ಎಂದಾದಾಗ ಅಧಿಕಾರಿಯೂ ಇನ್ನೊಮ್ಮೆ ಪಟ್ಟಿಯನ್ನು, ದಾಖಲೆಯನ್ನು, ಎದುರಿಗಿರುವವರ ಮುಖವನ್ನು ನೋಡುತ್ತಾರೆ.

ಒಪ್ಪುವ ದಾಖಲೆಗಳ ಪಟ್ಟಿಯನ್ನು ಮತದಾನಕ್ಕೆ ಕನಿಷ್ಠ ಹದಿನೈದು ದಿನ ಮೊದಲೇ ಗ್ರಾಮ ಪಂಚಾಯಿತಿಯ ಫಲಕದಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ, ಅಂಗನವಾಡಿಯಲ್ಲಿ ಹಚ್ಚಬೇಕು, ಮತದಾರರ ಚೀಟಿಯ ಬೆನ್ನಿಗೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಬೇಕು. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಗಳಲ್ಲಿ ಬೆಳಿಗ್ಗೆ ಓಣಿಗೆ ಬರುವ ಕಸದ ಗಾಡಿಯ ಧ್ವನಿವರ್ಧಕದಲ್ಲಿ ಅದನ್ನು ಹೇಳಿಸಿದರೆ ಪತ್ರಿಕೆ ಓದದವರಿಗೂ ತಲುಪುತ್ತದೆ. ಕಾಗುಣಿತದ ವ್ಯತ್ಯಾಸದ ಬಗ್ಗೆ ಒಂದು ಪುಟದ ಸೂಚನೆಯನ್ನು, ನಮ್ಮ ಭಾಗದ ಹೆಸರುಗಳ ಉದಾಹರಣೆಯೊಂದಿಗೆ, ಪ್ರತಿ ಮತಗಟ್ಟೆಯ ಚೀಲದಲ್ಲಿ ಹಾಕಬೇಕು. ಮುಖ ಮುಚ್ಚಿದ ಹೆಣ್ಣುಮಕ್ಕಳ ಗುರುತನ್ನು ಮಹಿಳಾ ಸಿಬ್ಬಂದಿಯೇ ಮರೆಯಲ್ಲಿ ನೋಡುವ ವ್ಯವಸ್ಥೆ ಚಿಕ್ಕ ಮತಗಟ್ಟೆಗಳಲ್ಲೂ ಇರಬೇಕು. ಗುರುತಿಗೆ ಹೆದರಿ ಅವರು ಸರದಿಯಿಂದ ಹೊರಬರುವಂತಾಗಬಾರದು.

ಇಷ್ಟು ಸಡಿಲ ಮಾಡಿದರೆ ಕಳ್ಳಮತ ಹೆಚ್ಚುತ್ತದೆ ಎಂದು ಕೆಲವು ಗೆಳೆಯರು ಆಕ್ಷೇಪಿಸಿದ್ದಾರೆ. ಅವರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ, ಏಕೆಂದರೆ ವಾರ್ಡಿನ ಚುನಾವಣೆಯಲ್ಲಿ ಬೆರಳೆಣಿಕೆಯ ಮತಗಳಿಂದ ಗೆಲುವು-ಸೋಲು ತೀರ್ಮಾನವಾಗುತ್ತದೆ, ಸಮ ಬಂದು ಚೀಟಿ ಎತ್ತಿದ ಪ್ರಸಂಗಗಳೂ ಇವೆ. ಒಂದು ಸುಳ್ಳು ಮತ ಅಲ್ಲಿ ಫಲಿತಾಂಶವನ್ನೇ ತಿರುಗಿಸಬಲ್ಲದು. ಹೊರಗುಳಿದ ಒಂದು ನಿಜ ಮತವೂ ಅಷ್ಟೇ ತಿರುಗಿಸಬಲ್ಲದು. ಸಂಶಯ ಬಂದರೆ ಏಜೆಂಟರು ಆಕ್ಷೇಪಿಸಬಹುದು, ಅಧಿಕಾರಿ ಅಲ್ಲಿಯೇ ವಿಚಾರಣೆ ಮಾಡಬಹುದು, ಸುಳ್ಳೆಂದು ಕಂಡರೆ ಪೊಲೀಸರಿಗೆ ಒಪ್ಪಿಸಬಹುದು. ಈ ಯಾವ ಅಧಿಕಾರವನ್ನೂ ಕಡಿಮೆ ಮಾಡಿ ಎಂದು ನಾನು ಕೇಳುತ್ತಿಲ್ಲ. ಸಿಬ್ಬಂದಿಗೆ ಈಗಲೇ ಕೆಲಸ ಹೆಚ್ಚು ಎಂಬ ಮಾತೂ ನಿಜ, ಅದನ್ನು ಅನುಭವಿಸಿ ಬಂದವನು ನಾನು. ಆದರೆ ದಿನಕ್ಕೆ ಕೆಲವೇ ಸಾಲು ಬರೆಯುವ ಹಾಳೆ ಇದು. ಸಾಲುಗಳು ಹೆಚ್ಚಾದವೆಂದರೆ ಆ ಮತಗಟ್ಟೆಯಲ್ಲಿ ಏನೋ ತಪ್ಪಾಗಿದೆ ಎಂದೇ ಅರ್ಥ, ಅದು ಅಂದೇ ಹಲವು ಮತಗಟ್ಟೆಗಳ ಮೇಲ್ವಿಚಾರಣೆ ನೋಡುವ ಸೆಕ್ಟರ್ ಅಧಿಕಾರಿಯ ಕಣ್ಣಿಗೆ ಬೀಳಬೇಕು.

ಕೊಳವೆ ನೀರು, ಗಟಾರ, ಬೀದಿದೀಪ, ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆ ಇವೆಲ್ಲ ತೀರ್ಮಾನವಾಗುವುದು ಈ ಸಂಸ್ಥೆಗಳಲ್ಲಿ, ಮತ್ತು ಅವುಗಳ ಅಗತ್ಯ ಹೆಚ್ಚು ಇರುವವರ ಮನೆಯಲ್ಲೇ ಕಾಗದಪತ್ರ ಕಡಿಮೆ. ಮುಂದಿನ ಗ್ರಾಮ ಪಂಚಾಯಿತಿ ಚುನಾವಣೆಯ ತರಬೇತಿ ಸಾಹಿತ್ಯ ಮುದ್ರಣಕ್ಕೆ ಹೋಗುವ ಮೊದಲೇ ಈ ನಮೂನೆಯನ್ನು ಸೇರಿಸಲು ರಾಜ್ಯ ಚುನಾವಣಾ ಆಯೋಗ ಆದೇಶ ಹೊರಡಿಸಬೇಕು. ಅದು ತಡವಾಗುವುದಾದರೆ, ಧಾರವಾಡ, ಗದಗ, ಹಾವೇರಿ ಜಿಲ್ಲಾಧಿಕಾರಿಗಳು ಆಯೋಗದ ಒಪ್ಪಿಗೆ ಪಡೆದು ತಮ್ಮ ಒಂದೊಂದು ತಾಲ್ಲೂಕಿನಲ್ಲಾದರೂ ಪ್ರಾಯೋಗಿಕವಾಗಿ ಇದನ್ನು ನಡೆಸಿ, ಬಂದ ಸಂಖ್ಯೆಗಳನ್ನು ಮತ ಎಣಿಕೆಯ ದಿನವೇ ಪತ್ರಿಕೆಗಳಿಗೆ ಕೊಡಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಬೆಟಗೇರಿ, ಗದಗ